ಮೊಣಕೈ ಕೆಳಗಿನ ಗುಂಡಿ

ಆವತ್ತು ಬೆಳಗ್ಗೆಯಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸುತ್ತಿಟ್ಟಿದ್ದ ಕೇಬಲ್‌ಗಳನ್ನೇ ಬಿಚ್ಚಿ ಮತ್ತೆ ಸುತ್ತಿದೆ. ಕಾರಣ ಇಷ್ಟೇ. ನಾನು ಬರೆದು, ನಾನೇ ಹಾಡಬೇಕಾಗಿದ್ದ ಹಾಡು ಕೊನೆಗೂ ನನ್ನ ಸ್ಟುಡಿಯೋದಲ್ಲೇ ರೆಕಾರ್ಡ್ ಆಗೋದಿತ್ತು. ಹಾಡೋದು ನಾನಲ್ಲ, ಆ ಮಾತು ಬೇರೆ.

ಒಂದು ಕಾಲಕ್ಕೆ ನಾನು ರಾಕ್ ಹಾಡ್ತಿದ್ದೆ. ಅಣ್ಣ ಹಿಂದೆ ಕೂತು ಡ್ರಮ್ಸ್ ಬಾರಿಸೋನು, ನಾನು ಮುಂದೆ ನಿಂತು ಗಂಟಲು ಹರಿಯೋ ಹಾಗೆ ಕಿರುಚ್ತಿದ್ದೆ, ಜನ ನಮ್ಮಿಬ್ಬರಿಗಿಂತ ಜೋರಾಗಿ ಕೂಗೋರು. ಅಬ್ಬಬ್ಬಾ, ಅದೊಂದು ಹುಚ್ಚು. ಒಂದಿನ ಗಂಟಲು ನಿಜವಾಗ್ಲೂ ಕೈಕೊಡ್ತು. ಡಾಕ್ಟರು ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಸಿದ್ರು. ಬೀಗ ತೆಗೆದಾಗ ಮೇಲಿನ ಸ್ವರಗಳೆಲ್ಲ ಮಾಯ, ಉಳಿದಿದ್ದು ಕೆಳಗಿನ ಒರಟು ದನಿ ಮಾತ್ರ.

ಮುಖ ಊದಿಸಿಕೊಂಡು ಮನೇಲಿ ಕೂರೋ ಜಾಯಮಾನ ನನ್ನದಲ್ಲ. ನಾವು ರೆಕಾರ್ಡ್ ಮಾಡ್ತಿದ್ದ ಸ್ಟುಡಿಯೋಗೇ ಹೋಗಿ ಕೆಲಸಕ್ಕೆ ಸೇರಿಕೊಂಡೆ. ಯಾವ ಮೈಕು ಎಲ್ಲಿಟ್ಟರೆ ಡ್ರಮ್ಸ್ ಎದೆಗೆ ಗುದ್ದಿದ ಹಾಗೆ ಕೇಳುತ್ತೆ, ಹಾಡೋರ ಬೆನ್ನ ಹಿಂದೆ ದಪ್ಪ ಕಂಬಳಿ ಯಾಕೆ ನೇತುಹಾಕಬೇಕು, ಎಲ್ಲ ಕಲಿತೆ. ಈಗ ಇಂಜಿನಿಯರ್ ಅಂದ್ರೆ ನಾನೇ. ಆದ್ರೆ ಹಾಡಿಲ್ಲ. ಬಚ್ಚಲುಮನೇಲೂ ಹಾಡಿಲ್ಲ. ಅಷ್ಟು ಮೇಲೆ ಹಾಡಿದೋಳು ಇಷ್ಟು ಕೆಳಗೆ ಹಾಡೋದಾ ಅನ್ನೋ ಕೊಬ್ಬು, ಇನ್ನೇನಲ್ಲ.

ಅಣ್ಣನ ಬ್ಯಾಂಡಲ್ಲಿ ಈಗ ಹಾಡೋದು ಅವನ ಮಗಳು. ಮನೇಲೆಲ್ಲ ಅವಳಿಗೆ ಕಿಡಿ ಅಂತಾರೆ, ಹುಟ್ಟಿದಾಗಿಂದ ಹಾಗೇ ಇದ್ದಾಳೆ. ಅವರ ಆಲ್ಬಮ್‌ನ ಉಳಿದ ಹಾಡುಗಳೆಲ್ಲ ಮುಗಿದು, ನನ್ನದೊಂದೇ ಬಾಕಿ ಇತ್ತು. ಅಣ್ಣ ಮುಲಾಜಿಲ್ಲದೆ ಹೇಳಿಬಿಟ್ಟಿದ್ದ.

"ನೋಡೇ, ಇವತ್ತು ಸಂಜೆಯೊಳಗೆ ಹಾಡು ಸರಿಯಾಗಿ ಬಂದ್ರೆ ಬಂತು. ಇಲ್ಲಾಂದ್ರೆ ಇದನ್ನ ಬಿಟ್ಟು ಉಳಿದಿದ್ದನ್ನ ಬಿಡುಗಡೆಗೆ ಕಳಿಸಿಬಿಡ್ತೀನಿ. ನಿನ್ನ ಹಾಡು ಅಂತ ಎಲ್ಲರನ್ನೂ ಕಾಯಿಸೋಕಾಗಲ್ಲ."

ಮಧ್ಯಾಹ್ನ ಆದ್ರೂ ಹಾಡು ಸರಿಯಾಗಿ ಬರಲಿಲ್ಲ. ಗಾಜಿನಾಚೆ ಕಿಡಿ ಹೆಡ್‌ಫೋನ್ ಹಾಕ್ಕೊಂಡು ಹಾಡ್ತಾನೇ ಇದ್ದಳು. ಸ್ವರ ಎಲ್ಲ ಸರಿ, ಜೀವ ಇಲ್ಲ. ನನಗೆ ಪಿತ್ತ ನೆತ್ತಿಗೇರ್ತಾ ಇತ್ತು.

ನನ್ನ ಮೇಜಿನ ಮೇಲೆ ಒಂದು ಗುಂಡಿ ಇದೆ. ಅದನ್ನ ಒತ್ತಿ ಹಿಡಿದರೆ ನಾನಾಡಿದ ಮಾತು ಒಳಗಿದ್ದೋರ ಹೆಡ್‌ಫೋನಿಗೆ ಹೋಗುತ್ತೆ. ಯಾರಾದ್ರೂ ಹಾಡ್ತಿರುವಾಗ ಅದನ್ನ ಮುಟ್ಟಿದೋರಿಗೆ ನನ್ನ ಹತ್ರ ಗ್ರಹಚಾರ. ಬೇಸ್ ಗಿಟಾರ್ ನುಡಿಸೋ ಹುಡುಗ, ಬಾಯೇ ಬಿಡದ ಕಾರಣ ಎಲ್ಲರೂ ಮೌನಿ ಅಂತ ಕರೆಯೋನು, ಒಮ್ಮೆ ಅದರ ಮೇಲೆ ಟೀ ಲೋಟ ಇಟ್ಟಿದ್ದ. ಅವನನ್ನ ಅರ್ಧ ದಿನ ಬಾಗಿಲಾಚೆ ನಿಲ್ಲಿಸಿದ್ದೆ.

ಆವತ್ತು ನಾನು ಆ ಗುಂಡಿ ಒತ್ತಿ ಕಿಡಿಗೆ ಹೇಳಿದೆ, "ಇದೇನಮ್ಮ, ಹಾಡಾ, ಹಾಜರಿ ಕೂಗೋದಾ? ಇನ್ನೊಂದು ಸಲ." ಅಂದು, ತಲೆಗೆ ಕೈ ಕೊಟ್ಟು ಮೇಜಿಗೆ ಒರಗಿ ಕೂತೆ.

ಈ ಸಲ ಏನಾಯ್ತೋ ಏನೋ. ಎರಡನೇ ಸಾಲಿಗೇ ನನ್ನ ಮೈ ಜುಮ್ಮೆಂದಿತು. ಹುಡುಗಿ ಯಾರದೋ ಹೆಗಲ ಮೇಲೆ ಹತ್ತಿ ಕೂತು ಹಾಡ್ತಿರೋ ಹಾಗಿತ್ತು. ಹೆದರಿಕೆ ಇಲ್ಲ, ಅಂಜಿಕೆ ಇಲ್ಲ. ಹಿಂದೆ ಸೋಫಾದಲ್ಲಿ ಒರಗಿದ್ದ ಅಣ್ಣ ಎದ್ದು ಕೂತು ತೊಡೆ ಮೇಲೆ ತಾಳ ಹಾಕತೊಡಗಿದ. ನನಗೆ ಖುಷಿ ತಡೆಯೋಕಾಗದೆ ಕುರ್ಚಿಯಿಂದ ಎದ್ದುಬಿಟ್ಟೆ. ಅಷ್ಟೇ, ಕಿಡಿಯ ದನಿ ಬುಸ್ಸಂತ ಇಳಿದುಹೋಯ್ತು. ಹಾಡು ಅರ್ಧಕ್ಕೇ ನಿಂತಿತು.

"ಅತ್ತೆ, ಆ ಇನ್ನೊಂದು ದನಿ ಯಾಕೆ ತೆಗೆದುಬಿಟ್ರಿ?" ಒಳಗಿಂದ ಕೇಳಿದಳು.

"ಯಾವ ದನಿ?"

"ಕೆಳಗೆ ಒರಟಾಗಿ ಒಂದು ದನಿ ಇತ್ತಲ್ಲ. ಅಪ್ಪ ಯಾರ ಹತ್ರಾನೋ ಹಾಡಿಸಿ ಇಟ್ಟಿದ್ದು ಅಂದುಕೊಂಡೆ. ಅದಿದ್ರೆ ಧೈರ್ಯ ಬರುತ್ತೆ, ಅತ್ತೆ. ವಾಪಸ್ ಹಾಕಿ."

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮೌನಿ ಮೂಲೆಯಿಂದ ಎದ್ದು ಬಂದು, ನನ್ನ ಮೊಣಕೈ ಊರಿದ್ದ ಜಾಗಕ್ಕೆ ಬೆರಳು ತೋರಿಸಿದ. ಗುಂಡಿ. ನಾನು ಅದರ ಮೇಲೇ ಒರಗಿಕೊಂಡು, ನನಗೇ ಗೊತ್ತಿಲ್ಲದ ಹಾಗೆ ಗುನುಗ್ತಾ ಕೂತಿದ್ದೆ. ಸ್ಪೀಕರಿನ ಅಬ್ಬರದಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಅವಳ ಕಿವಿಗೆ ಬಿಟ್ಟು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯ್ತು.

"ಒಳಗೆ ಹೋಗು," ಅಂದ ಅಣ್ಣ.

"ತಲೆ ಕೆಟ್ಟಿದೆಯಾ ನಿನಗೆ? ಈ ಗಂಟಲಲ್ಲಾ?"

"ಮೇಲೆ ಹಾಡೋಕೆ ಅವಳಿದ್ದಾಳೆ. ಕೆಳಗೆ ಹಾಡೋರು ಯಾರೂ ಇಲ್ಲ. ಜಾಸ್ತಿ ಬಿಂಕ ಮಾಡಬೇಡ ಕಣೇ, ಸಂಜೆ ಆಗ್ತಾ ಬಂತು."

ಬಿಂಕ ಅಂದಿದ್ದೇ ತಡ, ರೇಗಿಹೋಯ್ತು. ಮೌನಿಯನ್ನ ನನ್ನ ಕುರ್ಚಿಯಲ್ಲಿ ಕೂರಿಸಿ, "ಆ ಕೆಂಪು ಗುಂಡಿ ಒತ್ತಿದರೆ ರೆಕಾರ್ಡ್ ಆಗುತ್ತೆ, ಮಾತಾಡೋ ಗುಂಡಿ ಬಿಟ್ಟು ಬೇರೇನೂ ಮುಟ್ಟಬೇಡ," ಅಂದು, ದಡದಡ ಒಳಗೆ ಹೋದೆ. ಕಿಡಿಯ ಪಕ್ಕದಲ್ಲಿ ಇನ್ನೊಂದು ಮೈಕ್ ನಿಲ್ಲಿಸಿಕೊಂಡು ಅದಕ್ಕೆ ಮೂತಿ ತಾಗಿಸಿ ನಿಂತೆ. ಹೆಡ್‌ಫೋನಲ್ಲಿ ಮೌನಿಯ ದನಿ ಬಂತು. ಆ ದಿನದ ಅವನ ಮೊದಲನೇ ಮಾತು ಅದು.

"ಅಕ್ಕ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ."

ಬಂದೋರಿಗೆಲ್ಲ ನಾನೇ ಹೇಳಿಕೊಡೋ ಪಾಠ. ಕಿಡಿ ಕಿಸಕ್ಕಂತ ನಕ್ಕಳು. ನಾನು ಹಲ್ಲು ಕಚ್ಚಿ ಹಿಂದೆ ಸರಿದೆ.

ಹಾಡು ಶುರುವಾಯ್ತು. ಮೊದಲ ಸಾಲು ತಡವರಿಸಿತು, ಎರಡನೇದಕ್ಕೆ ದನಿ ನೆಲೆಯೂರಿತು. ಮೇಲೆ ಕಿಡಿ ಹಾರ್ತಿದ್ದಳು, ಕೆಳಗೆ ನಾನು ಅವಳನ್ನ ಎತ್ತಿ ಹಿಡಿದಿದ್ದೆ. ಆ ಒರಟು ದನಿ ಒರಟಾಗೇ ಇತ್ತು, ಆದ್ರೂ ಹಾಡಿಗೆ ಬೇಕಾಗಿದ್ದೇ ಅದು. ಎಷ್ಟು ಸಂತೋಷ ಆಯ್ತು ಅಂದ್ರೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳೋಕೂ ಬಿಡುವಿರಲಿಲ್ಲ. ಕೊನೆಯ ಸಾಲು ಮುಗಿದಾಗ ಇಬ್ಬರೂ ಏದುಸಿರು ಬಿಡ್ತಿದ್ವಿ.

ಗಾಜಿನಾಚೆ ಮೌನಿಯ ಮುಖ ಬಿಳಿಚಿಕೊಂಡಿತ್ತು.

"ಅಕ್ಕ... ಕೆಂಪು ಗುಂಡಿ ಒತ್ತಲೇ ಇಲ್ಲ. ನೀವು ಹಾಡೋದು ಕೇಳ್ತಾ ಮರೆತೇಬಿಟ್ಟೆ."

ಅಣ್ಣ ಎರಡೂ ಕಿವಿ ಮುಚ್ಚಿಕೊಂಡ. ಕಿಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ನನ್ನ ಸಿಟ್ಟು ಅವರಿಗೆ ಹೊಸದಲ್ಲ. ಮೌನಿ ಆಗಲೇ ಎದ್ದು ಬಾಗಿಲ ಕಡೆ ಹೊರಟಿದ್ದ, ಆಚೆ ಹೋಗಿ ನಿಲ್ಲೋಕೆ.

"ಎಲ್ಲಿಗೋ ಹೊರಟೆ? ಕೂತ್ಕೋ," ಅಂದೆ. "ಒಳ್ಳೇದೇ ಆಯ್ತು ಬಿಡು. ಇನ್ನೊಂದು ಸಲ ಹಾಡಬಹುದಲ್ಲ."

ಈ ಸಲ ಅವನು ಕೆಂಪು ಗುಂಡಿ ಒತ್ತಿ, ಒತ್ತಿದ್ದೀನಿ ಅಂತ ಕೈ ಎತ್ತಿ ತೋರಿಸಿದ.