ಆಳ ನಾಲ್ಕು ಮೀಟರ್

"ತಲೆ ಕಡೆ ಸಾಕು. ಕಾಲಿನ ಕಡೆ ಇನ್ನೊಂದು ಬುಟ್ಟಿ ಸುರಿ," ಎಂದಳು ಚಿಕ್ಕಮ್ಮ. ಐಸ್ ಫ್ಯಾಕ್ಟರಿಯವನು ಬುಟ್ಟಿ ಬಗ್ಗಿಸಿದ. ಮೀನಿಗೆ ಹಾಕುವ ಪುಡಿ ಐಸು ಅಮ್ಮನ ಪಾದಗಳ ಸುತ್ತ ಸರ್ರನೆ ಹರಡಿ, ಮೇಜಿನ ಅಂಚಿನಿಂದ ಸಿಮೆಂಟು ನೆಲಕ್ಕೆ ಉದುರಿತು. ಮೂವತ್ತೆಂಟು ವರ್ಷ ಹರಿದ ಬಲೆಗಳನ್ನು ಹರಡಿಕೊಂಡು ಅವಳು ಹೆಣೆದದ್ದು ಇದೇ ಮೇಜಿನ ಮೇಲೆ. ಮನೆಯ ಮೆಟ್ಟಿಲು ತೀರಾ ಕಿರಿದು, ಹಾಗಾಗಿ ಆಸ್ಪತ್ರೆಯಿಂದ ಅವಳನ್ನು ನೇರವಾಗಿ ಬಂದರಿನ ಈ ಬಲೆ ಶೆಡ್ಡಿಗೇ ತಂದಿದ್ದರು.

"ಎಷ್ಟು ಹೊತ್ತು ತಡಿಯುತ್ತೆ?" ಮಗ ಕೇಳಿದ.

"ಮೀನಾಗಿದ್ರೆ ನಾಳೆವರೆಗೂ ಅಂತ ಹೇಳ್ಬಹುದಿತ್ತು." ಹೇಳಿದ ಮೇಲೆ ಐಸ್ ಫ್ಯಾಕ್ಟರಿಯವನು ನಾಲಿಗೆ ಕಚ್ಚಿಕೊಂಡ. "ಸಂಜೆವರೆಗೆ ಏನೂ ತೊಂದ್ರೆ ಇಲ್ಲ ಅಣ್ಣಾ."

ತೊಂದರೆ ಇದ್ದದ್ದೇ ಸಂಜೆಯದು. ಸ್ಮಶಾನದ ಗೇಟು ನಾಲ್ಕೂವರೆಗೆ ಮುಚ್ಚುತ್ತದೆ, ನಾಳೆ ರಜೆ. ಈಗ ಒಂದೂಕಾಲು. ತಂಗಿಯ ದೋಣಿ ಹನ್ನೊಂದು ಗಂಟೆಯಿಂದ ಬಂದರಿನ ಬಾಯಿಯ ಹೊರಗೆ, ಶೆಡ್ಡಿನ ಕಿಟಕಿಗೆ ಕಾಣುವಷ್ಟು ಹತ್ತಿರದಲ್ಲಿ, ಲಂಗರು ಹಾಕಿ ನಿಂತಿತ್ತು. ನಡುವೆ ಅಡ್ಡ ಇದ್ದದ್ದು ಮರಳು. ಬಂದರಿನ ಬಾಯಲ್ಲಿ ದಿಬ್ಬವಾಗಿ ಕೂತ ಮರಳಿನ ಮೇಲೆ ಇಳಿತದ ಹೊತ್ತಿಗೆ ದೋಣಿ ತೇಲುವಷ್ಟು ನೀರಿರುವುದಿಲ್ಲ. ಮತ್ತೆ ಅಷ್ಟು ನೀರು ತುಂಬುವುದು ಆರು ಗಂಟೆಗೆ. ಆರು ಗಂಟೆಗೆ ತಂಗಿ ಬಂದರೆ ನೋಡಲು ಅಮ್ಮನ ಮುಖ ಇರುವುದಿಲ್ಲ.

ಅವಳು ನಿನ್ನೆ ಬೆಳಿಗ್ಗೆ ಹತ್ತು ಜನ ಪ್ರವಾಸಿಗರನ್ನು ಗಾಳ ಹಾಕಿಸಲು ದೂರದ ಬಂಡೆಗಳ ಕಡೆ ಕರೆದೊಯ್ದಿದ್ದಳು. ಮಧ್ಯಾಹ್ನ ಅಮ್ಮ ಹೋದಳು. ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿದ್ದು ಸಂಜೆಗೆ. ಎಂಜಿನ್ ಒಂದು ಕ್ಷಣವೂ ಆರಿಸದೆ ಬಂದವಳು ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

ಸಣ್ಣ ದೋಣಿಯಲ್ಲಿ ಹೋಗಿ ಕರೆತರೋಣವೆಂದರೆ ಸಣ್ಣ ದೋಣಿಗಳಿಗೆಲ್ಲ ಹಗಲಲ್ಲಿ ಸರಪಳಿ. ಬಂದರು ಕಚೇರಿಯ ಹೊಸ ನಿಯಮ. ಬೀಗ ತೆಗೆಯಲು ಅಧಿಕಾರಿಯ ಒಪ್ಪಿಗೆ ಬೇಕು, ಅಧಿಕಾರಿ ಮೀಟಿಂಗಿನಲ್ಲಿದ್ದರು. ಮಗ ಆಗಲೇ ನಾಲ್ಕು ಸಲ ಕಚೇರಿಗೆ ಹೋಗಿ ಬಂದಿದ್ದ. ನಾಲ್ಕನೆಯ ಸಲ ಗುಮಾಸ್ತೆ ಕೂರಲು ಕುರ್ಚಿ ಕೊಟ್ಟಳು. ಬೆಳಗಿನಿಂದ ಆದ ಪ್ರಗತಿ ಅಷ್ಟೇ.

ಶೆಡ್ಡಿನಲ್ಲಿ ಜನ ಎರಡು ಪಾಲಾಗಿ ನಿಂತಿದ್ದರು. ಎಡಗಡೆ ಬಲೆಯವರು, ಅಂದರೆ ಮೀನು ಹಿಡಿದು ಮಾರುವವರು, ಮಗನೂ ಅವರಲ್ಲೊಬ್ಬ. ಬಲಗಡೆ ಗಾಳದವರು, ಪ್ರವಾಸಿಗರಿಗೆ ದೋಣಿ ಬಾಡಿಗೆಗೆ ಕೊಟ್ಟು ಸಮುದ್ರಕ್ಕೆ ಕರೆದೊಯ್ಯುವವರು, ತಂಗಿಯ ಕಡೆಯವರು. ಯಾರೂ ಹೀಗೆ ನಿಲ್ಲಿ ಎಂದಿರಲಿಲ್ಲ. ನಡುವೆ ಅಮ್ಮ ಮಲಗಿದ್ದಳು.

"ಬಾಡಿಗೆ ದೋಣಿ ಹುಚ್ಚು ಹತ್ತಿಸ್ಕೊಳ್ದೆ ಇದ್ದಿದ್ರೆ ಹುಡುಗಿ ಇಷ್ಟೊತ್ತಿಗೆ ತಾಯಿ ಪಕ್ಕದಲ್ಲಿ ಇರ್ತಿದ್ಲು," ಎಂದ ಬಲೆಯವರ ಪೈಕಿ ಮುದುಕನೊಬ್ಬ, ಯಾರಿಗೂ ಅಲ್ಲವೆನ್ನುವ ಹಾಗೆ.

ಚಿಕ್ಕಮ್ಮ ತಿರುಗಿದಳು. "ಹೌದಾ? ನಿನ್ನ ದೋಣಿ ಆಗಿದ್ರೆ ಮರಳಿನ ಮೇಲೆ ಹಾರ್ಕೊಂಡು ಬರ್ತಿತ್ತಾ? ಹೋದ ತಿಂಗಳು ನೀನೂ ಅಲ್ಲೇ ಐದು ಗಂಟೆ ಬಾಯಿ ಬಿಟ್ಕೊಂಡು ಕೂತಿದ್ದೆ. ಹಿಡಿದ ಮೀನೆಲ್ಲ ನಾರಿ ಗೊಬ್ಬರಕ್ಕೆ ಹೋಯ್ತು. ಮರೆತೋಯ್ತಾ?"

ಗಾಳದವರ ಕಡೆ ಯಾರೋ ಕಿಸಕ್ಕೆಂದರು.

"ನೀವೇನ್ ನಗ್ತೀರಿ? ನಿಮ್ಮ ಪ್ರವಾಸಿಗರು ಅಲ್ಲೇ ನಿಂತು ವಾಂತಿ ಮಾಡ್ಕೊಳ್ಳೋದು ನಾವು ನೋಡಿಲ್ವಾ?" ಚಿಕ್ಕಮ್ಮ ಅವರನ್ನೂ ಬಿಡಲಿಲ್ಲ.

ಮೂಲೆಯ ವೈರ್‌ಲೆಸ್ಸು ಕರಕರ ಎಂದಿತು. ತಂಗಿಯ ದನಿ ಒಡೆದು ಬಂತು. "ಎಷ್ಟೊತ್ತಿಗೆ ಹೊರಡ್ತೀರಿ?"

"ನಾಲ್ಕಕ್ಕೆ ಹೊರಡಲೇಬೇಕು ಕಣೇ," ಎಂದಳು ಚಿಕ್ಕಮ್ಮ.

ವೈರ್‌ಲೆಸ್ಸು ಮತ್ತೆ ಕರಕರ ಎಂದಿತು. "ಅಣ್ಣನ ಕೈಲಿ ಕೊಡು."

ಚಿಕ್ಕಮ್ಮ ವೈರ್‌ಲೆಸ್ಸನ್ನು ಚಾಚಿದಳು. ಮಗ ತೆಗೆದುಕೊಳ್ಳಲಿಲ್ಲ. ಎಂಟು ತಿಂಗಳಿಂದ ಮಾತು ಬಿಟ್ಟವನಿಗೆ ಈಗ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. "ದೋಣಿ ತರ್ತೀನಿ ಅಂತ ಹೇಳು," ಎಂದು ಗೊಣಗಿ ಕಿಟಕಿಯ ಕಡೆ ಹೋದ.

*

ಅವನಿಗೆ ಹದಿಮೂರು, ತಂಗಿಗೆ ಹನ್ನೊಂದು ಇದ್ದಾಗ ಅಪ್ಪನ ದೋಣಿ ಆ ಮರಳಿಗೆ ಬಡಿದು ಚುಕ್ಕಾಣಿ ಮುರಿಯಿತು, ಅಪ್ಪನ ಮಣಿಕಟ್ಟೂ ಮುರಿಯಿತು. ಕಚೇರಿಯವರು ನಕ್ಷೆ ಬಿಚ್ಚಿ ತೋರಿಸಿದರು. ನಕ್ಷೆಯಲ್ಲಿ ಅಲ್ಲಿ ನಾಲ್ಕು ಮೀಟರ್ ಆಳ. ಆದ್ದರಿಂದ ಮರಳಿಗೆ ಬಡಿಯುವುದು ಸಾಧ್ಯವೇ ಇಲ್ಲ, ತಪ್ಪು ದೋಣಿ ನಡೆಸಿದವನದು. ಬಂದರಿನ ಬಾಯಲ್ಲಿ ನೆಟ್ಟ ಕಬ್ಬಿಣದ ಕಂಬದ ಫಲಕವೂ ಅದನ್ನೇ ಹೇಳುತ್ತಿತ್ತು: 'ಆಳ 4 ಮೀಟರ್. ನೀರಿಗೆ ಇಳಿಯಬಾರದು.'

ಅಮ್ಮ ಎದುರು ಮಾತಾಡಲಿಲ್ಲ. ಮರುದಿನ ಇಳಿತದ ಹೊತ್ತಿಗೆ ಉದ್ದನೆಯ ಕೋಲು ಹಿಡಿದು, ಬಟ್ಟೆ ಎತ್ತಿ ಕಟ್ಟಿ, ನೀರಿಗೆ ಇಳಿದೇಬಿಟ್ಟಳು. ಹಿಂದೆ ತಂಗಿ. ಮಗನಿಗೆ ನೀರೆಂದರೆ ಅಂಜಿಕೆ, ಹಾಗಾಗಿ ಅವನನ್ನು ಪೆನ್ಸಿಲು ಕೊಟ್ಟು ಕಟ್ಟೆಯ ಮೇಲೆ ಕೂರಿಸಿದಳು. ಹತ್ತು ಹೆಜ್ಜೆಗೊಮ್ಮೆ ಕೋಲು ಊರಿ ಕೂಗುತ್ತಿದ್ದಳು: "ಮೊಣಕಾಲು!" "ತೊಡೆ!" "ಸೊಂಟ!" ತಂಗಿಗೆ ಎದೆಮಟ್ಟ ಬಂದರೆ ಅಮ್ಮನಿಗೆ ಸೊಂಟ. ಅದಕ್ಕಿಂತ ಆಳ ಎಲ್ಲೂ ಸಿಗಲಿಲ್ಲ.

"ಬರ್ಕೊಂಡ್ರೆ ಸಾಲದು, ವಾಪಸ್ ಕೂಗು," ಎಂದು ಅವನಿಗೆ ಹೇಳಿದ್ದಳು. "ನಾನು ಹೇಳಿದ್ದು ನಿನಗೆ ಕೇಳಿಸ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕೋ? ನೀನು ಕೂಗೋವರೆಗೂ ನಾನು ಮುಂದಿನ ಹೆಜ್ಜೆ ಇಡಲ್ಲ."

ಒಂದು ಸಲ ಅವನು ಕಟ್ಟೆಯ ಮೇಲೆ ಎರಡು ಬೆಕ್ಕುಗಳ ಜಗಳ ನೋಡುತ್ತ ಕೂತುಬಿಟ್ಟ. ತಲೆ ಎತ್ತಿದಾಗ ಅಮ್ಮ ನೀರಿನಲ್ಲಿ ನಿಂತಲ್ಲೇ ನಿಂತಿದ್ದಳು. ಬೈಯಲಿಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಕೂಗಿದಳು.

ಅಳತೆಗಳನ್ನು ಸೇರಿಸಿ ಅರ್ಜಿ ಕೊಟ್ಟಳು. ಮರಳು ತೆಗೆಸಿ, ಇಲ್ಲವೇ ಫಲಕವನ್ನಾದರೂ ತಿದ್ದಿ. 'ಯಾರ ಸೊಂಟ ಎಂದು ನಮೂದಿಸಿಲ್ಲ' ಎಂಬ ಷರಾದೊಂದಿಗೆ ಅರ್ಜಿ ವಾಪಸಾಯಿತು. ಅಮ್ಮ ವೈದ್ಯರ ಹತ್ತಿರ ಹೋಗಿ ತನ್ನ ಎತ್ತರದ ಪ್ರಮಾಣಪತ್ರ ಬರೆಸಿಕೊಂಡು ಬಂದಳು. ಕಚೇರಿಯಲ್ಲಿ ನಕ್ಕು ನಕ್ಕು ಸುಸ್ತಾದರಂತೆ. ಆವತ್ತಿನಿಂದ ಅವರಿಗೆ ಅವಳು 'ಸೊಂಟದಮ್ಮ'. ಮುಂದಿನ ವರ್ಷ ಮೀಟರಿನಲ್ಲೇ ಬರೆದುಕೊಟ್ಟಳು. ಕೋಲು ಪ್ರಮಾಣಿತವಲ್ಲ ಎಂದರು. ಆಮೇಲೆ ಏನೂ ಅನ್ನುವುದನ್ನೇ ಬಿಟ್ಟರು. ಅಮ್ಮ ಮಾತ್ರ ಬಲೆ ಹೆಣೆಯುವುದು, ಅಳೆಯುವುದು, ಬರೆಯುವುದು ಯಾವುದನ್ನೂ ಬಿಡಲಿಲ್ಲ. ಮಂಡಿ ಸೋತ ಮೇಲೆ ಕೋಲನ್ನು ತಂಗಿಗೆ ಕೊಟ್ಟಳು. ತನಗೆ ಯಾಕೆ ಕೊಡಲಿಲ್ಲ ಎಂದು ಮಗ ಕೇಳಲಿಲ್ಲ. ನೀರಿಗಿಳಿಯದವನಿಗೆ ಕೋಲು ಯಾಕೆ ಎನ್ನುತ್ತಾಳೆಂದು ಹೆದರಿದ.

*

ಎಂಟು ತಿಂಗಳ ಹಿಂದೆ ಕಚೇರಿಯಿಂದ ಮೊದಲ ಬಾರಿಗೆ ಒಳ್ಳೆಯ ಮಾತು ಬಂತು. ಬಂದರನ್ನು ಬಳಸುವವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕಿದರೆ ಮರಳು ತೆಗೆಯುವ ವಿಷಯವನ್ನು ಮೇಲಕ್ಕೆ ಕಳಿಸುತ್ತಾರಂತೆ. ಅಮ್ಮ ಅರ್ಜಿಯನ್ನು ಇದೇ ಮೇಜಿನ ಮೇಲೆ ಇಟ್ಟಳು. ಗಾಳದವರೆಲ್ಲ ಹಾಕಿದ್ದರು; ಮೊದಲ ಸಹಿ ತಂಗಿಯದು. ಬಲೆಯವರ ಮುಖಂಡ ಆ ವರ್ಷ ಮಗನೇ.

"ಅವರ ಹೆಸರಿನ ಕೆಳಗೆ ನಮ್ಮ ಹೆಸರಾ?" ಎಂದ ಅವನು. "ಕಟ್ಟೆಲಿ ಅರ್ಧ ಜಾಗ ಕಿತ್ಕೊಂಡ್ರು. ನಮ್ಮ ಬಲೆಗೆ ಗಾಳ ಸಿಕ್ಕಿಸಿ ಹರಿತಾರೆ. ಬೇರೆ ಅರ್ಜಿ ಕೊಡ್ತೀವಿ ಬಿಡಮ್ಮ."

"ನಿಮ್ಮ ಬಲೆ ನಮ್ಮ ಪ್ರೊಪೆಲ್ಲರಿಗೆ ಸುತ್ಕೊಳ್ಳೋದು ಯಾವ ಲೆಕ್ಕ?" ತಂಗಿ ರೇಗಿದಳು. "ಅಮ್ಮನ ಮುಖ ನೋಡಿಯಾದ್ರೂ ಹಾಕು. ನಿನಗೇನು ಕೈ ಸವೆಯುತ್ತಾ?"

"ಮರಳು ಇಬ್ಬರನ್ನೂ ಒಂದೇ ಥರ ಹಿಡಿಯುತ್ತೆ ಕಣೋ," ಎಂದಳು ಅಮ್ಮ. ಬೇರೆ ಏನೂ ಹೇಳಲಿಲ್ಲ. ಅವನು ಹಾಕಲಿಲ್ಲ. ಅರ್ಜಿ ಅರ್ಧ ಸಹಿಗಳೊಂದಿಗೆ ಹೋಗಿ ಎರಡೇ ವಾರದಲ್ಲಿ ವಾಪಸಾಯಿತು. ಅಷ್ಟು ಬೇಗ ಆ ಕಚೇರಿ ಯಾವತ್ತೂ ಉತ್ತರ ಕೊಟ್ಟಿರಲಿಲ್ಲ: 'ಬಳಕೆದಾರರಲ್ಲೇ ಒಮ್ಮತವಿಲ್ಲದ ಕಾರಣ ಮುಕ್ತಾಯಗೊಳಿಸಲಾಗಿದೆ.'

ಅಮ್ಮ ಅದನ್ನು ಮಡಿಚಿ ಬಲೆಸೂಜಿಯ ಡಬ್ಬಿಯಲ್ಲಿಟ್ಟಳು. ಮತ್ತೆ ಅರ್ಜಿ ಬರೆಯಲಿಲ್ಲ. ಒಂದು ಬೈಗುಳ ಬೈದಿದ್ದರೂ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

*

ಎರಡು ಗಂಟೆಗೆ ಬಂದರು ಅಧಿಕಾರಿ ತಾವಾಗಿಯೇ ಬಂದರು, ಕೈಯಲ್ಲಿ ಹೂವಿನ ಹಾರ. ಅಮ್ಮನ ಎದೆಯ ಮೇಲೆ ಹಾರವಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ ನಿಂತರು. ಕೆಟ್ಟ ಮನುಷ್ಯನಲ್ಲ.

"ನಿಮ್ಮ ತಾಯಿ ನಮ್ಮ ಆಫೀಸಿಗೆ ಮನೆಯವರ ಥರ ಆಗ್ಬಿಟ್ಟಿದ್ರು," ಎಂದರು.

"ಸಾರ್, ಒಂದು ಸಣ್ಣ ದೋಣಿ ಬೀಗ ತೆಗೆಸಿ. ತಂಗಿನ ಕರ್ಕೊಂಡು ಬರ್ಬೇಕು. ಹತ್ತೇ ನಿಮಿಷ."

ಅಧಿಕಾರಿ ಕಿಟಕಿಯಾಚೆ ನೋಡಿ ನಿಟ್ಟುಸಿರಿಟ್ಟರು. "ಅದು ಹಡಗಿನ ದಾರಿ ಅಲ್ವಾ? ಸಣ್ಣ ದೋಣಿ ಬಿಡೋ ಹಾಗಿಲ್ಲ."

"ಯಾವ ಹಡಗು ಸಾರ್? ಹಡಗು ಬಂದು ಏಳು ವರ್ಷ ಆಯ್ತು."

"ಬಂದ್ರೆ?"

ಐಸು ಕರಗಿ ಮೇಜಿನ ಕಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೋಡಿ, ಇಂಥ ಟೈಮಲ್ಲಿ ನಾನೂ ಮನುಷ್ಯನೇ," ಅಧಿಕಾರಿ ಫೋನು ತೆಗೆದರು. "ತುರ್ತು ಪಾಸು ಅಂತ ಇದೆ. ನಾನೇ ತುಂಬ್ತೀನಿ. ದೋಣಿ ನಂಬರ್ ಹೇಳಿ. ಉದ್ದೇಶ... ಮೀನುಗಾರಿಕೆನೋ ಪ್ರವಾಸನೋ?"

"ಎರಡೂ ಅಲ್ಲ ಸಾರ್. ತಂಗಿನ ಕರ್ಕೊಂಡು ಬರೋದು."

"ಎರಡೇ ಇರೋದು ಇದರಲ್ಲಿ. ಯಾವುದಾದ್ರೂ ಒಂದು ಒತ್ತಿದ್ರೆ ಮಾತ್ರ ಮುಂದಕ್ಕೆ ಹೋಗುತ್ತೆ."

"ಯಾವುದಾದ್ರೂ ಒತ್ತಿ ಸಾರ್!"

"ಸುಳ್ಳು ಮಾಹಿತಿ ಆಗುತ್ತಲ್ಲ. ನಾಳೆ ನನ್ನ ತಲೆಗೆ ಬರುತ್ತೆ."

ಮಗನಿಗೆ ಕೈ ಎತ್ತಬೇಕೆನ್ನಿಸಿತು. ಎಂಟು ತಿಂಗಳ ಹಿಂದೆ ಇದೇ ಮೇಜಿನ ಮುಂದೆ ಇದೇ ಎರಡು ಖಾನೆಗಳಿಗಾಗಿ ತಾನು ಗಂಟಲು ಹರಿದುಕೊಂಡದ್ದು ನೆನಪಾಗಿ, ಎತ್ತಬೇಕೆಂದ ಕೈಯಿಂದ ಮುಖ ಒರೆಸಿಕೊಂಡ. "ಸರಪಳಿ ಕತ್ತರಿಸ್ತೀನಿ," ಎಂದು ಗೋಡೆಯ ಮೇಲಿನ ಕಬ್ಬಿಣದ ಗರಗಸ ಕಿತ್ತುಕೊಂಡು ಬಾಗಿಲಿನ ಕಡೆ ನುಗ್ಗಿದ. ಬಲೆಯವರು ಇಬ್ಬರು, ಗಾಳದವರು ಇಬ್ಬರು ಅವನ ಹಿಂದೆ ಹೊರಟರು.

"ತಡಿರೋ," ಕಿಟಕಿಯ ಹತ್ತಿರ ನಿಂತಿದ್ದ ಚಿಕ್ಕಮ್ಮ ಕೂಗಿದಳು. "ಅಲ್ನೋಡಿ. ಅಯ್ಯೋ, ಅಲ್ನೋಡಿ!"

ಎಲ್ಲರೂ ಕಟ್ಟೆಗೆ ಓಡಿದರು, ಅಧಿಕಾರಿಯೂ. ತಂಗಿಯ ದೋಣಿ ನಿಂತಲ್ಲೇ ಇತ್ತು. ಅದರ ಅಂಚಿನುದ್ದಕ್ಕೂ ಪ್ರವಾಸಿಗರು ಬಗ್ಗಿ ನೋಡುತ್ತಿದ್ದರು. ತಂಗಿ ದೋಣಿಯಲ್ಲಿರಲಿಲ್ಲ. ಹಡಗಿನ ದಾರಿಯ ನಟ್ಟನಡುವೆ ಬಂದರಿನ ಕಡೆಗೆ ನಡೆದು ಬರುತ್ತಿದ್ದಳು, ಕೈಯಲ್ಲಿ ಅಮ್ಮನ ಕೋಲು.

ಸಮುದ್ರ ಸುಮ್ಮನಿತ್ತು. ಅವಳು ಕೋಲು ಊರಿ, ಕಾಲು ತಡವಿ, ಒಂದೊಂದೇ ಹೆಜ್ಜೆ ಇಡುತ್ತ ಕಬ್ಬಿಣದ ಕಂಬದ ಹತ್ತಿರ ಬಂದಳು. ಫಲಕ ಅವಳ ತಲೆಗಿಂತ ಒಂದು ಮೊಳ ಮೇಲಿತ್ತು. ಬಣ್ಣ ಮಾಸಿದ್ದರೂ ಕಟ್ಟೆಯಿಂದ 4 ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಒಂದು ಕೈಯಿಂದ ಕಂಬ ಹಿಡಿದು ನಿಂತಳು. ಇನ್ನೊಂದು ಕೈಯಿಂದ ಕೋಲನ್ನು ನೇರಮಾಡಿ ನೀರಿಗೆ ಊರಿ, ಕಟ್ಟೆಯತ್ತ ಮುಖ ಎತ್ತಿ ಕೂಗಿದಳು:

"ಸೊಂಟಾ!"

ದನಿ ನೀರಿನ ಮೇಲೆ ಸ್ಪಷ್ಟವಾಗಿ ಬಂತು. ಅಧಿಕಾರಿ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಅವಳು ಅಲ್ಲಿಂದ ಕದಲಲಿಲ್ಲ.

"ಯಾಕೆ ನಿಂತ್ಲು?" ಐಸ್ ಫ್ಯಾಕ್ಟರಿಯವನು ಪಿಸುಗುಟ್ಟಿದ. "ಕಾಲಿಗೇನಾದ್ರೂ ಆಯ್ತಾ?"

ಏನೂ ಆಗಿಲ್ಲವೆಂದು ಮಗನಿಗೆ ಗೊತ್ತಿತ್ತು. ಕೈಯಲ್ಲಿ ಇನ್ನೂ ಗರಗಸ ಇತ್ತು. ಅವನು ಕಟ್ಟೆಯ ಮೆಟ್ಟಿಲು ಇಳಿದ, ಕೊನೆಯ ಮೆಟ್ಟಿಲೂ ಇಳಿದ, ಬೂಟಿನೊಳಗೆ ನೀರು ನುಗ್ಗಿತು.

ತಂಗಿ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಕೂಗಿದಳು. "ಸೊಂಟಾ!"

"ಸೊಂಟಾ!" ಮಗ ಕೂಗಿದ. ದನಿ ಒಡೆಯಿತು. ಇನ್ನೊಮ್ಮೆ, ಈ ಸಲ ಇಡೀ ಬಂದರಿಗೆ ಕೇಳುವ ಹಾಗೆ, "ಸೊಂಟಾ!"

ತಂಗಿ ಕಂಬ ಬಿಟ್ಟಳು. ಕೋಲನ್ನು ಕಿತ್ತು ಮುಂದಕ್ಕೆ ಊರಿ, ಮುಂದಿನ ಹೆಜ್ಜೆ ಇಟ್ಟಳು.