ಹಲ್ಲಿನಲ್ಲಿ ತುಂಡಾದ ದಾರ

ತೋಳಿಗೊಂದು ದಾರ ಅಂಟಿಕೊಂಡಿತ್ತು, ಹಸಿರು ದಾರ, ಬೆರಳುದ್ದವೂ ಇಲ್ಲ, ಉಣ್ಣೆಯಂಗಿಯ ಎಳೆಗೆ ಸಿಕ್ಕಿ ಕಂಬಳಿಹುಳದ ಮರಿಯ ಹಾಗೆ ಡೊಂಕಾಗಿ, ಮರ್ವಿನ್ ಅದನ್ನು ಕಂಡದ್ದು ಸಂಜೆಯ ಹಾಲು ಕರೆಯುವ ಹೊತ್ತಿನಲ್ಲಿ, ಬಿಳಿ ಮೋರೆಯ ಹಸುವಿನ ಕೆಚ್ಚಲು ಒರೆಸಲು ಬಗ್ಗಿದಾಗ, ಕಂಡದ್ದೇ ತಡ ಒರೆಸುವ ಕೈ ಹಾಗೇ ನಿಂತಿತು, ಹಸು ಹಿಂಗಾಲು ಎತ್ತಿ ಇಟ್ಟಿತು — ಆಯ್ತು ಮುದುಕಿ, ಆಯ್ತು, ನಿಂತ್ಕೋ — ಮಿಷನ್ನಿನ ಬಟ್ಟಲುಗಳು ಒಂದೊಂದಾಗಿ ಮೊಲೆ ಕಚ್ಚಿಕೊಂಡವು, ಟಿಕ್ ಟಕ್, ಟಿಕ್ ಟಕ್, ಹಾಲು ಗಾಜಿನ ಕೊಳವೆಯಲ್ಲಿ ಹಾರಿ ಹಾರಿ ಹೋಯಿತು, ಆದರೆ ಕಣ್ಣು ತೋಳಿನ ಮೇಲೆಯೇ. ಹಸಿರು ಅವನ ಬಾವುಟದ್ದಲ್ಲ. ಅವನದು ಬಿಳಿ ಬಟ್ಟೆ, ಕೆಂಪು ಶಿಲುಬೆ, ನಡುವೆ ಕೆಂಪು ಅಂಗೈ, ಅದರ ಮೇಲೊಂದು ಕಿರೀಟ, ಬೆಲ್‌ಫಾಸ್ಟಿನ ಫುಟ್ಬಾಲ್ ತಂಡದ್ದು, ಹಸಿರಿನ ಒಂದೆಳೆಯೂ ಅದರಲ್ಲಿಲ್ಲ. ಹಸಿರು ದಾರ ಫಿಂಟನ್ನನ ಬಾವುಟದ್ದು, ಹಸಿರು ಬಿಳಿ ಕಿತ್ತಳೆ, ಡಬ್ಲಿನ್ನಿನ ತಂಡದ್ದು, ಅದರ ನಡುವಿನ ಬಿಳಿ ಪಟ್ಟಿಯ ಮೇಲೆ ಊರಿನ ಹೆಸರು ಡ್ರಮಾರ್ನಿ ಎಂದು ಹಸಿರಿನಲ್ಲಿ ಹೊಲಿದದ್ದು ಐರಿಸ್, ಅವನ ಹೆಂಡತಿ ಐರಿಸ್, ಅವನ ಅಡಿಗೆಮನೆಯಲ್ಲಿ, ಅವನು ದುಡಿದು ತಂದ ಮೇಜಿನ ಮೇಲೆ ಹರಡಿಕೊಂಡು. ಅಂಗಳದಲ್ಲಿ ಬೂಟು ತೊಳೆಯುತ್ತ ತಲೆಯೆತ್ತಿದ್ದ, ಹೋದ ವಾರ, ಕಿಟಕಿಯಲ್ಲಿ ಅವಳು, ಮುಖಕ್ಕೆ ಸಂಜೆಬಿಸಿಲು, ದಾರ ಎಳೆದು ಬಿಗಿ ಹಿಡಿದು ತಲೆ ಬಗ್ಗಿಸಿದಳು, ಬಿಳಿ ಪಟ್ಟಿಗೆ ಬಾಯಿ ತಾಗಿಸಿದಳು, ಹಲ್ಲಿನಲ್ಲಿ ಕಚ್ಚಿ ದಾರ ತುಂಡರಿಸಿದಳು. ಅಷ್ಟೇ. ತಲೆಯೆತ್ತಿದಾಗ ತುಟಿಗೆ ದಾರದ ಚೂರೊಂದು ಹತ್ತಿತ್ತು, ಅದನ್ನು ಬೆರಳಿನಲ್ಲಿ ತೆಗೆದು ನೋಡಿ ಒಬ್ಬಳೇ ನಕ್ಕಳು.

ಒಬ್ಬಳೇ ಯಾಕೆ ನಗಬೇಕು. ಮೂವತ್ತು ವರ್ಷದಿಂದ ನೋಡಿದ್ದಾನೆ, ಐರಿಸ್ ದಾರ ಕಚ್ಚುವವಳಲ್ಲ, ಅವಳಮ್ಮನ ಕಾಲದ ಕತ್ತರಿ ಕೆಂಪು ರಿಬ್ಬನ್ನಿನಲ್ಲಿ ಹೊಲಿಗೆಯಂತ್ರಕ್ಕೇ ಕಟ್ಟಿರುತ್ತದೆ, ಇಗರ್ಜಿಯ ಹೊಲಿಗೆ ತರಗತಿಯ ಹುಡುಗಿಯರಿಗೆ ಅವಳು ಬೈಯುವುದೇ ಇದಕ್ಕೆ, ಹಲ್ಲಿರೋದು ದಾರ ಕಡಿಯೋಕಲ್ಲ ಕಣ್ರೇ, ನೀವೇನು ಇಲಿಗಳಾ. ಹಾಗಿದ್ದವಳು. ಕತ್ತರಿ ಕೈಗೆಟುಕಿರಲಿಕ್ಕಿಲ್ಲ, ಯಂತ್ರ ಗೋಡೆಯ ಹತ್ತಿರ, ಅವಳು ಮೇಜಿನ ಹತ್ತಿರ, ಮಡಿಲ ತುಂಬ ಬಟ್ಟೆ, ಏಳುವುದು ಬೇಡವೆಂದು ಕಚ್ಚಿದಳು, ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಅವನ ಬಾವುಟಕ್ಕೆ ಎದ್ದು ಹೋಗಿ ಯಂತ್ರಕ್ಕೇ ಕೂತಿದ್ದಳು. ಅವನ ಬಾವುಟದ ಹೆಸರು ಯಂತ್ರದಲ್ಲೇ ಆಗಿತ್ತು, ಟರ್‌ರ್ ಎಂದು ಊಟದ ಮೊದಲೇ ಮುಗಿದು ಕತ್ತರಿಯಿಂದ ಚಕ್ ಎಂದು ಕತ್ತರಿಸಿ, ತಗೋ ಮರ್ವಿನ್, ಟೀವೀಲಿ ಊರಿನ ಹೆಸರು ಕಾಣೋ ಹಂಗೆ ಹಿಡ್ಕೋ, ನಿನ್ನ ಮುಖ ಕಾಣದಿದ್ರೂ ಪರವಾಗಿಲ್ಲ. ಎಲ್ಲ ಊರಿನವರೂ ಹಾಗೆಯೇ, ಬಾವುಟದ ಮೇಲೆ ತಮ್ಮೂರ ಹೆಸರು ಹೊಲಿಸಿಕೊಂಡು ಹೋಗುತ್ತಾರೆ, ಗೋಲಿನ ಹಿಂದೆ ಕಟ್ಟುತ್ತಾರೆ, ಮನೆಯಲ್ಲಿ ಕೂತವರು ಆಟಕ್ಕಿಂತ ಹೆಚ್ಚಾಗಿ ಅದನ್ನೇ ಹುಡುಕುತ್ತಾರೆ. ಈ ಬೇಸಿಗೆ ಎರಡೂ ತಂಡಗಳು ಫ್ರಾನ್ಸಿಗೆ ಹೋಗಿವೆ, ಒಂದೇ ಊರಿನ ಹೆಸರು ಎರಡು ಬಾವುಟದ ಮೇಲೆ. ಹೊರಟಿದ್ದರೂ ಕಡೆಗೆ ಹಸುಗಳಿಂದಾಗಿ ಅವನು ಹೋಗಲಿಲ್ಲ, ಅವನ ಬಾವುಟ ಓಣಿಯ ಬಾಯಿಯ ಕಂಬದಲ್ಲಿದೆ. ಫಿಂಟನ್ ಹೋದ. ಹೋಗುವ ಮೊದಲು ಮೇವಿನ ಚೀಲದಲ್ಲಿ ಬಾವುಟ ಸುತ್ತಿ ತಂದು ಹಿಂಬಾಗಿಲಲ್ಲಿ ಟೊಪ್ಪಿ ತೆಗೆದು ನಿಂತಿದ್ದ, ಐರಿಸ್, ಬಟ್ಟೆ ನಮ್ಮ ಚಿಕ್ಕಪ್ಪನ ಕಾಲದ್ದು, ಯಂತ್ರಕ್ಕೆ ಕೊಟ್ರೆ ಹಿಂಜಿ ಹೋಗುತ್ತೆ, ನಿನ್ನ ಕೈಯಲ್ಲೇ ಆಗಬೇಕು, ಇಲ್ಲ ಅಂತಂದ್ರೂ ಬೇಜಾರಿಲ್ಲ, ನಿಮ್ಮೋರು ನಿನ್ನನ್ನ ಹೊಳೆಗೆ ಹಾಕ್ತಾರೆ ಅಂತ ನಂಗೂ ಗೊತ್ತು. ನಂಗೆ ಈಜೋಕೆ ಬರುತ್ತೆ ಬಿಡು, ಅಂದಳು ಐರಿಸ್. ಅಂದಳು. ಗಂಡ ಅಲ್ಲೇ ಮೇಜಿನ ಬಳಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದ, ಅವನ ಕಡೆ ನೋಡಿ ಕೇಳಲೂ ಇಲ್ಲ. ಕೇಳಿದ್ದರೆ ಹೊಲಿ ಎಂದೇ ಹೇಳುತ್ತಿದ್ದ. ಆ ಕಡೆಯ ಕ್ಯಾಥೊಲಿಕ್ಕನಾದರೂ ಒಳ್ಳೆಯವನು, ಬೇಡವೆನ್ನಲು ಬಾಯಾದರೂ ಹೇಗೆ ಬಂದೀತು, ಚಳಿಗಾಲದ ಋಣ ತಲೆಯ ಮೇಲೆ ಕೂತಿದೆ.

ಚಳಿಗಾಲ. ಸೊಂಟದ ಕೀಲು ಬದಲಿಸಿಕೊಂಡು ಮರ್ವಿನ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೆಳಿಗ್ಗೆ ಸಂಜೆ ಈ ಹಸುಗಳನ್ನು ಕರೆದವನು ಫಿಂಟನ್, ಕೇಳದೆಯೇ ಬಂದ, ಸೇತುವೆಯಾಚೆಯ ದಿಣ್ಣೆಯಿಂದ ಕತ್ತಲಲ್ಲೇ ಟ್ರ್ಯಾಕ್ಟರು ಹೊಡೆದುಕೊಂಡು, ಸೇತುವೆಯಿಂದ ಈಚೆಗೆ ಕಂಬಕಂಬಕ್ಕೂ ಕಟ್ಟಿ ಮಳೆಗಾಳಿಗೆ ಚಿಂದಿಯಾದ ನಮ್ಮ ಪ್ರಾಟೆಸ್ಟೆಂಟರ ಬಾವುಟಗಳ ಕೆಳಗೆ ಹಾದು, ನಮ್ಮ ಬಣ್ಣ ಬಳಿದ ರಸ್ತೆಯಂಚಿನ ಕಲ್ಲುಗಳ ಪಕ್ಕ ಹಾದು, ಯಾರೇನೆಂದುಕೊಂಡರೂ ಅಂದುಕೊಳ್ಳಲಿ ಎಂದು. ಆಸ್ಪತ್ರೆಯಲ್ಲಿ ಐರಿಸ್ ಹೇಳುತ್ತಿದ್ದಳು, ಹಾಸಿಗೆಯ ಪಕ್ಕ ಕಿತ್ತಳೆ ಸುಲಿಯುತ್ತ, ಫಿಂಟನ್ ಇವತ್ತು ಹೀಗಂದ, ಫಿಂಟನ್ ಇವತ್ತು ಹಾಗಂದ, ಮೊಟ್ಟೆ ಎರಡು ಹಾಕಿದ್ರೆ ಮೂರನೇದರ ಮುಖ ನೋಡ್ತಾನೆ ಮಾರಾಯ. ಮನೆಗೆ ಬಂದು ಕೋಲೂರಿಕೊಂಡು ಮೊದಲ ಸಲ ಕೊಟ್ಟಿಗೆಯ ಬಾಗಿಲು ತೆಗೆದ, ಬನ್ರೇ ಬನ್ರೇ ಎಂದ, ಇಪ್ಪತ್ತು ವರ್ಷ ಕರೆದ ಹಾಗೆಯೇ ಕರೆದ, ಹಸುಗಳು ಅಂಗಳದಲ್ಲಿ ನಿಂತು ಅವನನ್ನೇ ನೋಡಿದವು, ಒಂದೂ ಕದಲಲಿಲ್ಲ. ಹಿಂದಿನಿಂದ ಐರಿಸ್, ಅವನು ಶಿಳ್ಳೆ ಹಾಕ್ತಿದ್ದ ಮರ್ವಿನ್, ಅದಕ್ಕೇ ಕಾಯ್ತಿವೆ, ಇರು, ಎಂದು ತುಟಿ ಮುಂದೆ ಮಾಡಿ ಶಿಳ್ಳೆ ಹಾಕಿದಳು, ಎರಡು ಉದ್ದ ಒಂದು ಗಿಡ್ಡ, ಹಸುಗಳು ಸಾಲಾಗಿ ಒಳಗೆ ಬಂದವು. ಹೆಂಡತಿಗೆ ಶಿಳ್ಳೆ ಬರುತ್ತದೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಯಾವಾಗ ಕಲಿತೆ. ಹೀಗೇ, ಕೇಳಿ ಕೇಳಿ ಬಂತು. ಕೇಳಿ ಕೇಳಿ. ಅಡಿಗೆಮನೆಯಲ್ಲಿ ಅವನ ಕುರ್ಚಿ ಒಲೆಯ ಕಡೆಗೆ ತುಸು ತಿರುಗಿತ್ತು, ಫಿಂಟನ್ನನಂಥ ಉದ್ದ ಕಾಲಿನವನು ಕೂತರೆ ತಿರುಗುವಷ್ಟು, ಅವನು ಅದನ್ನು ನೇರ ಮಾಡಿದ್ದ, ಐರಿಸ್ ನೋಡಿದ್ದಳು. ಟಿಕ್ ಟಕ್, ಟಿಕ್ ಟಕ್, ಬಿಳಿ ಮೋರೆಯವಳ ಹಾಲು ಮುಗಿಯಿತು, ಬಟ್ಟಲು ಕಳಚಿ ಮೊಲೆಗಳನ್ನು ಕಂದು ಔಷಧದಲ್ಲಿ ಅದ್ದಿದ, ಕೈ ತನ್ನ ಪಾಡಿಗೆ ಮಾಡುತ್ತದೆ, ಕೈಗೆ ಹೊಟ್ಟೆಕಿಚ್ಚಿಲ್ಲ, ತಲೆ ಮಾತ್ರ ಕಿಟಕಿಗೆ ಹೋಗಿ ನಿಲ್ಲುತ್ತದೆ, ಬಗ್ಗಿದ ತಲೆ, ಬಿಳಿ ಪಟ್ಟಿ, ಬಾಯಿ.

ಒಳಗಿದ್ಯಾ ಮರ್ವಿನ್, ಎಂದಿತು ಬಾಗಿಲು, ಟ್ರೆವರ್, ಐರಿಸಳ ಅಣ್ಣ, ಗೇಟಿನ ಮೇಲೆ ಎರಡೂ ಮೊಳಕೈ ಊರಿ ನಿಂತ, ಕರು ನೋಡಲು ಬಂದೆ ಅಂದ, ಆದರೆ ಕರುವಿನ ಕಡೆ ನೋಡಲಿಲ್ಲ. ನಿನ್ನೆ ಅವರ ಆಟ ನೋಡಿದ್ಯಾ. ಇಲ್ಲ, ನಂಗ್ಯಾಕೆ. ನಾನೂ ನೋಡ್ಲಿಲ್ಲ, ಸೋಲ್ತಾರೇನೋ ಅಂತ ಸ್ವಲ್ಪ ಹೊತ್ತು ಟೀವಿ ಹಾಕಿದ್ದೆ ಅಷ್ಟೆ. ಗೋಲಿನ ಹಿಂದೆ ಅವರ ಬಾವುಟ, ಮೇಲೆ ನಮ್ಮೂರ ಹೆಸರು ಕಣಯ್ಯ, ಡ್ರಮಾರ್ನಿ ಅಂತ, ಇಷ್ಟು ದಪ್ಪಕ್ಕೆ. ಇರಬಹುದು, ಅವರೂ ಇದೇ ಊರಿನೋರಲ್ವಾ. ಅದಲ್ಲ ನಾನ್ ಹೇಳೋದು. ಟ್ರೆವರ್ ಗೇಟಿನ ಕಬ್ಬಿಣವನ್ನು ಉಗುರಿನಿಂದ ಕೆರೆಯುತ್ತಿದ್ದ, ಜುಲೈ ಮೆರವಣಿಗೆಯಲ್ಲಿ ಪ್ರಾಟೆಸ್ಟೆಂಟ್ ಸಂಘದ ದೊಡ್ಡ ಬಾವುಟದ ಮುಂದೆ ಖಡ್ಗ ಹಿಡಿದು ನಡೆಯುವವನು ಅವನೇ, ಆ ಬಾವುಟದ ಅಕ್ಷರಗಳನ್ನು ವರ್ಷವರ್ಷ ದುರಸ್ತಿ ಮಾಡುವವಳು ಅವನ ತಂಗಿ. ಕಡೇ ಅಕ್ಷರದ ಬಾಲ ನೋಡ್ದೆ, ಸುರುಳಿ ಸುತ್ತಿ ಮೇಲಕ್ಕೆ ಹೋಗಿತ್ತು, ಆ ಬಾಲ ಎಲ್ಲೋ ನೋಡಿದೀನಿ ಅನ್ನಿಸ್ತು. ಯಾರ ಕೈ ಅಂತ ನಿಂಗೇನಾದ್ರೂ ಅಂದಾಜಿದ್ಯಾ. ಹೇಳಿಬಿಡಬಹುದು. ನಾಲಿಗೆಯ ತುದಿಗೆ ಬಂದು ಕೂತಿದೆ, ನಿನ್ನ ತಂಗೀದು ಅಂತ ಅಂದರೆ ಸಾಕು, ಟ್ರೆವರ್ ನೆಟ್ಟಗೆ ಅಡಿಗೆಮನೆಗೆ ಹೋಗುತ್ತಾನೆ, ಭಾನುವಾರ ಇಗರ್ಜಿಯಲ್ಲಿ ಐರಿಸಳ ಬೆಂಚಿನಲ್ಲಿ ಅವಳೊಬ್ಬಳೇ ಕೂರುತ್ತಾಳೆ, ಹೊಲಿಗೆ ತರಗತಿಗೆ ಹುಡುಗಿಯರು ಬರುವುದಿಲ್ಲ, ಫಿಂಟನ್ನನ ಟ್ರ್ಯಾಕ್ಟರು ಸೇತುವೆ ದಾಟುವುದಿಲ್ಲ. ಊರಿಗೆ ಊರೇ ಮರ್ವಿನ್ನನ ಬೆನ್ನು ತಟ್ಟುತ್ತದೆ, ಪಾಪ, ಬಾವುಟಕ್ಕೆ ಎಷ್ಟು ನೊಂದುಕೊಂಡ. ಬಾವುಟಕ್ಕೆ ನೋಯುವುದು ಇಲ್ಲಿ ಗೌರವದ ನೋವು, ಯಾರ ಮುಂದೆಯೂ ಹೇಳಿಕೊಳ್ಳಬಹುದು. ಅವನದು ಆ ನೋವಲ್ಲ. ಆ ಬಟ್ಟೆ ಫಿಂಟನ್ನನ ಒರೆಸುಬಟ್ಟೆಯಾಗಿದ್ದರೂ ಇಷ್ಟೇ ಉರಿಯುತ್ತಿತ್ತು, ಅದನ್ನು ಯಾರಿಗೆ ಹೇಳುವುದು. ಎನ್ನಿಸ್ಕಿಲನ್ ಪೇಟೇಲಿ ಒಬ್ಬ ಮಾಡ್ಕೊಡ್ತಾನಂತೆ, ಎಂದ ಮರ್ವಿನ್, ಕಂಪ್ಯೂಟರಲ್ಲಿ, ಯಾವ ಅಕ್ಷರ ತೋರಿಸಿದ್ರೂ ಅದನ್ನೇ ಹೊಡೀತಾನೆ. ಕಂಪ್ಯೂಟರಾ. ಹೂಂ ಮತ್ತೆ, ಈಗ ಯಾರು ಕೈಯಲ್ಲಿ ಹೊಲೀತಾರೆ. ಟ್ರೆವರ್ ಗೇಟಿನಿಂದ ಮೊಳಕೈ ತೆಗೆದ, ನಿನ್ನ ಮಾತೇ ಇರಲಿ ಬಿಡು, ಅಂದು ಹೋದ. ಒಳ್ಳೆಯತನದಿಂದ ಮುಚ್ಚಿಟ್ಟೆನೇ, ಇಲ್ಲ. ಹೇಳಿದ್ದರೆ ನಾಳೆಯಿಂದ ಇಡೀ ಡ್ರಮಾರ್ನಿ ಆ ಎರಡು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿತ್ತು, ಐರಿಸ್ ಮತ್ತು ಫಿಂಟನ್, ಫಿಂಟನ್ ಮತ್ತು ಐರಿಸ್, ಹಾಲಿನ ಲಾರಿಯವನೂ ಹೇಳುತ್ತಿದ್ದ, ಅದನ್ನು ಕೇಳಿಕೊಂಡು ಬದುಕಿರುವುದು ಅವನಿಂದಾಗುತ್ತಿರಲಿಲ್ಲ.

ಕೊಟ್ಟಿಗೆಗೆ ನೀರು ಹೊಡೆದು, ಹಸುಗಳನ್ನು ಹುಲ್ಲಿಗೆ ಬಿಟ್ಟು, ಓಣಿಯ ಬಾಯಿಗೆ ನಡೆದ, ಯಾಕೆ ನಡೆದೆನೆಂದು ಕಾಲಿಗೆ ಮೊದಲೇ ತಿಳಿದಿತ್ತು. ಜೂನ್ ತಿಂಗಳ ಬಿಸಿಲು ಇಳಿಯಲೊಲ್ಲದು, ಮುಳ್ಳುಬೇಲಿಯ ಬಿಳಿ ಹೂವು ಕಂದಿ ಉದುರುತ್ತಿದೆ, ಕಂಬದಲ್ಲಿ ಅವನ ಬಾವುಟ ಜೋತುಬಿದ್ದಿದೆ, ಗಾಳಿಯಿಲ್ಲ. ಹಗ್ಗ ಬಿಚ್ಚಿ ಇಳಿಸಿದ. ಯಂತ್ರದ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ, ಒಂದೇ ಸಮ, ಒಂದು ಕುಣಿಕೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಅದರಲ್ಲಿ ಯಾರ ಕೈಯೂ ಇಲ್ಲ, ಕಡೆಯ ಅಕ್ಷರಕ್ಕೆ ಬಾಲವೂ ಇಲ್ಲ. ಬಾವುಟದ ಅಂಚನ್ನು ಗೇಟಿನ ಅಗುಳಿಗೆ ಸಿಕ್ಕಿಸಿದ, ಎಳೆದ, ಬಟ್ಟೆ ಗಟ್ಟಿ, ಮತ್ತೆ ಎಳೆದ, ಪರ್‌ರ್ ಎಂದು ಕೆಂಪು ಶಿಲುಬೆಯ ತೋಳಿನ ತನಕ ಬಾಯಿಬಿಟ್ಟಿತು. ಬೇರೆಯವರು ಮಾಡಿದ್ದರೆ ಇದೇ ಕೈ ಅವರ ಮೂಗು ಮುರಿಯುತ್ತಿತ್ತು. ಐರಿಸ್, ಬಾವುಟ ಹರಿದಿದೆ, ಗಾಳಿಗೆ, ಎಂದ ಅಡಿಗೆಮನೆಗೆ ಬಂದು. ಅವಳು ಕೆಟಲಿಗೆ ನೀರು ಹಿಡಿಯುತ್ತಿದ್ದಳು, ತಿರುಗಿ ನೋಡಿದಳು, ಗಾಳಿಗಾ, ಇವತ್ತು ಒಂದೆಲೆ ಅಲ್ಲಾಡ್ಲಿಲ್ಲವಲ್ಲ. ಮೇಲ್ಗಡೆ ಇತ್ತು. ಓ, ಮೇಲ್ಗಡೆ. ನಾಳೆ ಯಂತ್ರಕ್ಕೆ ಹಾಕ್ತೀನಿ ಬಿಡು. ಬೇಡ, ಯಂತ್ರ ಬೇಡ, ಕೈಯಲ್ಲಿ ಹಾಕು, ಈಗಲೇ. ಅವಳ ಕಣ್ಣು ಅವನ ಮುಖದಿಂದ ತೋಳಿಗಿಳಿಯಿತು, ಹಸಿರು ದಾರ ಇನ್ನೂ ಅಲ್ಲೇ ಇದೆ, ಕೊಡು, ಅಂದಳು, ಬಾವುಟ ಈಸಿಕೊಂಡಳು. ಅವಳು ಸೂಜಿ ಹುಡುಕಲು ಡ್ರಾಯರಿಗೆ ಬಗ್ಗಿದಾಗ ಅವನು ಯಂತ್ರದ ಹತ್ತಿರ ಹೋಗಿ, ರಿಬ್ಬನ್ನಿನ ಗಂಟು ಸಡಿಲಿಸಿ, ಕತ್ತರಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಐವತ್ತೆಂಟು ವರ್ಷದ ಗಂಡಸು.

ಈಗ ಅವಳು ಕೂತಿದ್ದಾಳೆ, ಅದೇ ಕುರ್ಚಿ, ಅದೇ ಕಿಟಕಿ, ಮುಖದ ಮೇಲೆ ಅದೇ ಬಿಸಿಲು, ಮಡಿಲಲ್ಲಿರುವುದು ಅವನ ಬಾವುಟ. ಸೂಜಿ ಇಳಿಯುತ್ತದೆ, ಏಳುತ್ತದೆ. ಅವನು ಒಲೆಗೆ ಬೆನ್ನು ಕೊಟ್ಟು ನಿಂತಿದ್ದಾನೆ, ಜೇಬಿನಲ್ಲಿ ಕಬ್ಬಿಣ ತೊಡೆಗೆ ತಣ್ಣಗೆ ಒತ್ತುತ್ತದೆ. ಫಿಂಟನ್ ಯಾವತ್ತು ಬರ್ತಾನಂತೆ, ಕೇಳುತ್ತಾಳೆ, ತಲೆಯೆತ್ತದೆ. ಬರಬಾರದೆಂದು ಬಾಯಿಗೆ ಬಂತು, ನಂಗೇನು ಗೊತ್ತು ಎಂದ. ಅವರು ಸೋತ್ರೆ ಬೇಗ ಬರ್ತಾನೆ. ಹಾಗಾದ್ರೆ ಗೆಲ್ಲಲಿ. ಅವಳಿಗೆ ನಗು ಬಂತು, ಅಯ್ಯೋ, ನಿನ್ನ ಬಾಯಲ್ಲಿ ಈ ಮಾತು ಟ್ರೆವರ್ ಕೇಳಿಸ್ಕೋಬೇಕಿತ್ತು. ಸೂಜಿ ಇಳಿಯುತ್ತದೆ, ಏಳುತ್ತದೆ, ಹೊಲಿಗೆ ಸಣ್ಣದಾಗಿ ಒತ್ತಾಗಿ ಬೀಳುತ್ತಿದೆ, ಚೆನ್ನಾಗಿಯೇ ಹಾಕುತ್ತಿದ್ದಾಳೆ, ಮನಸ್ಸಿಟ್ಟೇ ಹಾಕುತ್ತಿದ್ದಾಳೆ, ಕೊನೆಯ ಕುಣಿಕೆ, ಗಂಟು, ದಾರ ಎಳೆದು ಬಿಗಿ ಹಿಡಿದಳು. ಬಿಳಿ ದಾರ, ಬಿಸಿಲಿಗೆ ತಂತಿಯ ಹಾಗೆ. ಎಡಗೈಯಲ್ಲಿ ದಾರ, ಕುರ್ಚಿಯಲ್ಲೇ ಗೋಡೆಯತ್ತ ಪೂರ್ತಿ ವಾಲಿದಳು, ಬಲಗೈ ಯಂತ್ರದ ಕಡೆ ಚಾಚಿತು, ರಿಬ್ಬನ್ ಹಿಡಿದು ಎಳೆಯಿತು, ರಿಬ್ಬನ್ ಬರಿದೇ ಬಂತು. ಕತ್ತರಿ ಎಲ್ಹೋಯ್ತು, ಬೆಳಿಗ್ಗೆ ಇತ್ತಲ್ಲ, ನೋಡಿದ್ಯಾ. ಇಲ್ಲ. ನೋಡ್ಲಿಲ್ವಾ. ಇಲ್ಲ ಅಂದ್ನಲ್ಲ. ಬಗ್ಗು, ಈಗ ಬಗ್ಗು, ದಾರ ಬಾಯಿಯಿಂದ ಗೇಣು ದೂರದಲ್ಲಿದೆ, ಏಳಬೇಡ, ಏಳುವುದು ಯಾಕೆ, ಮಡಿಲ ತುಂಬ ಬಟ್ಟೆ ಇದೆಯಲ್ಲ, ಅವತ್ತೂ ಇತ್ತಲ್ಲ. ಐರಿಸ್ ದಾರವನ್ನು ನೋಡಿದಳು, ಅವನನ್ನು ನೋಡಿದಳು, ಅವನ ಜೇಬನ್ನು ನೋಡಿದಳೋ ಇಲ್ಲವೋ, ಬಾವುಟವನ್ನು ಎದೆಗೆ ಅವಚಿಕೊಂಡು ಎದ್ದಳು, ಮೇಜಿನ ತುದಿಗೆ ಹೋಗಿ ಬ್ರೆಡ್ ಕೊಯ್ಯುವ ಚಾಕು ತೆಗೆದುಕೊಂಡಳು, ಚೂರುಗಳನ್ನು ಏಪ್ರನ್ನಿಗೆ ಒರೆಸಿದಳು, ದಾರವನ್ನು ಅದರ ಹಲ್ಲಿಗೆ ಕೊಟ್ಟು ಕೊಯ್ದಳು. ತಗೋ ಮರ್ವಿನ್, ಇನ್ನು ಎಂಥ ಗಾಳಿಗೂ ಹರಿಯಲ್ಲ. ಅವನು ಕೈ ಚಾಚಿದ, ಬಟ್ಟೆ ಕೈಗೆ ಬಂತು, ಇನ್ನೂ ಅವಳ ಮೈಬಿಸಿಗೆ ಬೆಚ್ಚಗಿತ್ತು, ಚೆನ್ನಾಗಿದೆ ಎಂದು ಹೇಗೋ ಅಂದ, ಕೆಟಲು ಕೂಗಿತು, ಎರಡು ಉದ್ದ ಅಲ್ಲ, ಗಿಡ್ಡವೂ ಅಲ್ಲ, ಬರೀ ಕೂಗಿತು, ಅವಳು ಅತ್ತ ತಿರುಗಿದಳು, ಅವನು ಕಿಟಕಿಯ ಕಡೆ ತಿರುಗಿದ, ಕುರ್ಚಿ ಖಾಲಿಯಿದೆ, ಖಾಲಿ ಕುರ್ಚಿಯಲ್ಲಿ ಅವಳು ಕೂತಿದ್ದಾಳೆ, ಮಡಿಲಲ್ಲಿ ಬಿಳಿ ಪಟ್ಟಿ, ತಲೆ ಬಗ್ಗುತ್ತಿದೆ, ದಾರ ಬಿಗಿಯಾಗಿದೆ, ತುಟಿ ಬಟ್ಟೆಗೆ ತಾಗಿದೆ, ಹಲ್ಲು —