ಅರಿಶಿನ ಹಚ್ಚಿದ ಕಿವಿ

ಕ್ಯಾತನಹಳ್ಳಿಯ ಕುಳ್ಳಮ್ಮನೂ ಅವಳ ಓರಗಿತ್ತಿ ಜಯಲಕ್ಷ್ಮಮ್ಮನೂ ಮಾತು ಬಿಟ್ಟು ವರ್ಷಗಳಾಗಿದ್ದವು. ನಾಲೆ ನೀರಿನ ಸರದಿಗೆ ಶುರುವಾದ ಜಗಳ ಎಲ್ಲೆಲ್ಲೋ ಸುತ್ತಿ, ಕೊನೆಗೆ ಒಂದು ಮಾತಿಗೆ ಬಂದು ನಿಂತಿತ್ತು. ಹಾಲಿನ ಡೈರಿ ಮುಂದೆ, ಕ್ಯಾನು ಹಿಡಿದು ನಿಂತ ಅಷ್ಟೂ ಜನರೆದುರು ಜಯಲಕ್ಷ್ಮಮ್ಮ ಅಂದಿದ್ದಳು: "ಅವಳ ನಾಯ್ ಮೈ ನೋಡುದ್ರೆ ಸಾಕು, ಮನೆ ಎಂಗದೆ ಅಂತ ಗೊತ್ತಾಯ್ತದೆ. ರಕ್ತ ಕುಡ್ದ ಉಣ್ಣೆ ಉಣಸೆ ಬೀಜದಂಗೆ ತೂಗಾಡ್ತವೆ."

ಇಂಥ ಮಾತು ಆಡಿದವರಿಗೆ ಮರೆತುಹೋಗುತ್ತದೆ ಅನ್ನುತ್ತಾರೆ. ಶುದ್ಧ ಸುಳ್ಳು. ಅವರಿಗೂ ನೆನಪಿರುತ್ತದೆ.

ಆ ದಿನ ಬೆಳಿಗ್ಗೆ ಜಯಲಕ್ಷ್ಮಮ್ಮನ ಕಬ್ಬಿನ ಗದ್ದೆಯಲ್ಲಿ ಕಟಾವು ನಡೆದಿತ್ತು. ಕಡಿಯುತ್ತ ಹೋದಂತೆ ಒಳಗಿದ್ದ ಕಾಡುಹಂದಿ ನೇರ ಅವಳ ಮೇಲೇ ನುಗ್ಗಿತು. ನಡುವೆ ಬಿದ್ದದ್ದು ಅವಳ ನಾಯಿ ಕೆಂಚ. ಹಂದಿ ಅದರ ತೊಡೆ ಸೀಳಿ ಓಡಿತು. ಜಯಲಕ್ಷ್ಮಮ್ಮ ಸೆರಗಿನಲ್ಲೇ ಗಾಯ ಒತ್ತಿಹಿಡಿದಳು; ಮಗ ದಿಲೀಪ್ ಗೂಡ್ಸ್ ಆಟೋ ತಂದು ಇಬ್ಬರನ್ನೂ ಪಾಂಡವಪುರದ ಪಶುವೈದ್ಯೆ ಡಾಕ್ಟರ್ ಹೇಮಶ್ರೀಯ ಕ್ಲಿನಿಕ್ಕಿಗೆ ಸಾಗಿಸಿದ.

ಡಾಕ್ಟರು ಹೊಲಿಗೆ ಹಾಕಿದರು. "ರಕ್ತ ತುಂಬಾ ಹೋಗಿದೆ. ರಕ್ತ ಕೊಡೋಕೆ ಗಟ್ಟಿಮುಟ್ಟಾದ ದೊಡ್ಡ ನಾಯಿ ಇದ್ರೆ ತರ್ಸಿ" ಎಂದರು. ದಿಲೀಪ್ ಊರಿಗೆಲ್ಲ ಫೋನು ಮಾಡಿದ. ಸುದ್ದಿ ಕುಳ್ಳಮ್ಮನ ಕಿವಿಗೂ ಬಿತ್ತು. ಊರಲ್ಲಿ ಅವಳ ಭೀಮನಷ್ಟು ದೊಡ್ಡ ನಾಯಿ ಇನ್ನೊಂದಿರಲಿಲ್ಲ.

ಕುಳ್ಳಮ್ಮನಿಗೆ ಆಗ ಜಗಳ ನೆನಪಾಗಲಿಲ್ಲ. ಡೈರಿ ಮುಂದಿನ ಮಾತು ಮಾತ್ರ ನೆನಪಾಯಿತು. ಭೀಮನನ್ನು ಹಿತ್ತಲಿಗೆ ಎಳೆದೊಯ್ದು ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡಿದ್ದ ಉಣ್ಣೆಗಳನ್ನೆಲ್ಲ ಕಿತ್ತು ಕಿತ್ತು ನೀರೊಲೆಯ ಕೆಂಡಕ್ಕೆ ಹಾಕಿದಳು. ಅವು ಚಟಚಟ ಸಿಡಿದವು. ಸೋಪು ಹಚ್ಚಿ ಮೈ ತೊಳೆದಳು. ಕಚ್ಚಿದ ಕಲೆಗಳ ಮೇಲೆ ಅರಿಶಿನ ಮೆತ್ತಿದಳು. ಆಮೇಲೆ ಆಟೋ ಹತ್ತಿಸಿದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಭೀಮನ ಕಿವಿ ಮಡಿಸಿ ನೋಡಿದರು. "ಅರಿಶಿನ ಯಾಕಮ್ಮಾ?"

"ಒಳ್ಳೇ ಕೆಲ್ಸಕ್ಕೆ ಒಂಟದಲ್ಲವ್ವಾ, ಅದಕ್ಕೆ."

ಡಾಕ್ಟರು ನಕ್ಕರು. ಎರಡೂ ನಾಯಿಗಳ ರಕ್ತ ಹೊಂದುತ್ತದೆಯೇ ಎಂದು ನೋಡಿದರು, ಭೀಮನ ಒಂದು ತೊಟ್ಟು ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೂ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು: "ಇದಕ್ಕೆ ಉಣ್ಣೆ ಇದ್ವಾ? ನಿಜ ಹೇಳಿ. ಉಣ್ಣೆ ಕಚ್ಚಿದ ನಾಯಿ ರಕ್ತದಲ್ಲಿ ರೋಗ ಸದ್ದಿಲ್ಲದೆ ಕೂತಿರುತ್ತೆ, ಮೈಕ್ರೋಸ್ಕೋಪಲ್ಲಿ ಕಾಣದೇ ಇರಬಹುದು. ಕೊಡೋ ನಾಯಿಗೆ ಏನೂ ಆಗಲ್ಲ, ತಗೊಳ್ಳೋದು ಸಾಯುತ್ತೆ. ಇದ್ರೆ ಹೇಳಿ, ಪಾಲಹಳ್ಳಿಯಲ್ಲಿ ಪರೀಕ್ಷೆ ಮಾಡ್ಸಿರೋ ನಾಯಿ ಇದೆ. ಅದು ಬರೋವರೆಗೂ ಡ್ರಿಪ್ ಮೇಲೆ ಹೇಗಾದ್ರೂ ಉಳಿಸ್ಕೋತೀನಿ."

ಕುಳ್ಳಮ್ಮ ಓರಗಿತ್ತಿಯ ಮುಖ ನೋಡಿದಳು. "ನಮ್ ನಾಯ್ಗಾ? ಒಂದೂ ಇಲ್ಲ ಕಣವ್ವಾ. ಮಗಿನಂಗೆ ಸಾಕಿವ್ನಿ."

ಡಾಕ್ಟರು ಜಯಲಕ್ಷ್ಮಮ್ಮನ ಕಡೆ ತಿರುಗಿದರು. ಅವಳು ರಕ್ತ ಒಣಗಿದ ಸೆರಗನ್ನು ಸರಿಮಾಡಿಕೊಂಡು ಹೇಳಿದಳು: "ಅವಳೇ ಯೋಳುದ್ ಮೇಲೆ ಇನ್ನೇನು."

ಭೀಮನ ರಕ್ತ ಕೆಂಚನ ಮೈಗೆ ಇಳಿಯಿತು.

ಕೆಂಚ ಎದ್ದ. ಕುಂಟುತ್ತ ಅಂಗಳಕ್ಕೆ ಬಂದ, ಮುದ್ದೆ ತಿಂದ. ಕುಳ್ಳಮ್ಮ ದಿನಾ ಬಂದು ನೋಡಿಹೋಗುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಉಪ್ಸಾರು ಉಂಡರು. ನಗುವುದಕ್ಕೆ ಇಬ್ಬರಿಗೂ ಸ್ವಲ್ಪ ನಾಚಿಕೆಯಾಯಿತು, ಆದರೂ ನಕ್ಕರು. ಅಷ್ಟು ಸುಖ ಕೊಟ್ಟು ಆಮೇಲೆ ಕಿತ್ತುಕೊಳ್ಳುವ ವಿಧಿಯ ಮೇಲೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೊಲಿಗೆ ಬಿಚ್ಚುವ ಹೊತ್ತಿಗೆ ಕೆಂಚನಿಗೆ ಜ್ವರ ಬಂತು. ಒಸಡು ಬಿಳಿಚಿತು. ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಡಾಕ್ಟರು ಈ ಸಲ ರಕ್ತ ನೋಡಿದಾಗ ರೋಗ ಎದ್ದು ಕಾಣುತ್ತಿತ್ತು. ಇಂಜೆಕ್ಷನ್ ಕೊಟ್ಟರು, ತಡವಾಗಿತ್ತು. ಭೀಮನಿಗೂ ಔಷಧಿ ಬರೆದುಕೊಟ್ಟರು. "ಉಣ್ಣೆಯಿಂದಲೇ ಬಂದಿರೋದು. ನಾನು ಕೇಳಿದ್ದೆ" ಎಂದಷ್ಟೇ ಅಂದು ಒಳಗೆ ಹೋದರು.

ಮಾರನೆಯ ಸಂಜೆ ಕೆಂಚ ಸತ್ತ. ದಿಲೀಪ್ ಗದ್ದೆ ಬದುವಿನಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿ ಹೋದ. ಹೆಂಗಸರಿಬ್ಬರೇ ಉಳಿದರು. ಭೀಮ ಕುಳ್ಳಮ್ಮನ ಹಿಂದೆಯೇ ಬಂದಿತ್ತು.

"ಅಕ್ಕ, ಅವತ್ತು ನಾನ್ ಸುಳ್ ಯೋಳ್ದೆ" ಎಂದು ಕುಳ್ಳಮ್ಮ ಅತ್ತಳು. "ಎಲ್ಲಾನೂ ಕಿತ್ತು ಕೆಂಡಕ್ಕಾಕ್ಬುಟ್ಟು ಬಂದಿದ್ದೆ. ನಿನ್ ಮುಂದೆ ಅದ್ನ ಅಂಗೆ ನಿಲ್ಸಾಕೆ ಮನ್ಸಾಗ್ಲಿಲ್ಲ."

"ನಂಗೊತ್ತಿತ್ತು."

"ಗೊತ್ತಿತ್ತಾ? ಮತ್ಯಾಕೆ ಸುಮ್ಕಿದ್ಬುಟ್ಟೆ?"

"ಕೊಡಾಕ್ ಬಂದೋಳ ಮಕ ಇನ್ನೊಂದ್ಸಲ ಎಂಗಮ್ಮಿ ಕೆಡ್ಸ್ಲಿ? ಡೈರಿ ಮುಂದೆ ಒಂದ್ಸಲ ಕೆಡ್ಸಿದ್ದು ಸಾಲ್ದಾ?"

ಭೀಮ ಹೊಸ ಮಣ್ಣು ಮೂಸಿ ಅಲ್ಲೇ ಮಲಗಿತು. ಜಯಲಕ್ಷ್ಮಮ್ಮ ಕುಕ್ಕರಗಾಲಲ್ಲಿ ಕೂತು ಅದರ ಕಿವಿ ಮಡಿಸಿದಳು. ಒಳಗೆ ಒಂದು ಉಣ್ಣೆ ಆಗಲೇ ರಕ್ತ ಕುಡಿದು ಊದಿಕೊಂಡಿತ್ತು. ಅವಳು ಅದನ್ನು ಕಿತ್ತು, ಕುಳ್ಳಮ್ಮನಿಗೆ ತೋರಿಸಿ, ಕಲ್ಲಿನ ಮೇಲಿಟ್ಟು ಜಜ್ಜಿದಳು.

"ಇನ್ನೊಂದ್ ಕಿವಿ ನೀ ನೋಡು" ಎಂದಳು.